ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ನಿವೇಶನದಲ್ಲಿ ಎರಡು ಮೂರು ಪೋರ್ಷನ್ ಕಟ್ಟಿಸಿ ಬಾಡಿಗೆಗೆ ಕೊಟ್ಟವರು, ಉಳಿತಾಯದ ಹಣದಲ್ಲಿ ಫ್ಲಾಟ್ ಕೊಂಡವರು ಮತ್ತು ಅಂಥ ಮನೆಗಳಲ್ಲಿ ವಾಸವಾಗಿರುವವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಓನರ್ ಮತ್ತು ಬಾಡಿಗೆದಾರರ ನಡುವಿನ ಜಗಳಗಳು ಹೊರಬೀಳುವುದು ಮನೆ ಖಾಲಿ ಮಾಡುವ ದಿನವಾದರೂ, ಅವುಗಳಲ್ಲಿ ಬಹುಪಾಲು ಹುಟ್ಟಿಕೊಂಡಿರುವುದು ಬೀಗದ ಕೈ ಕೊಟ್ಟ ದಿನ ಬಾಯಿಮಾತಿನಲ್ಲಿ ಬಿಟ್ಟ ವಿಷಯಗಳಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದಲೇ ಮುಂದಿನ ಉತ್ತರಗಳಲ್ಲಿ ಬರೆದಿಡುವ ಮಾತು ಹೆಚ್ಚಾಗಿ ಬರುತ್ತದೆ.

## ಮನೆ, ಬಾಡಿಗೆ, ಅಡ್ವಾನ್ಸ್

ಅರವತ್ತು ಲಕ್ಷ ಸಾಲ ಮಾಡಿ ಫ್ಲಾಟ್ ತಗೊಂಡ್ರೆ ಬಾಡಿಗೆ ದುಡ್ಡಲ್ಲೇ ಇಎಂಐ ಕಟ್ಟಿಕೊಂಡು ಹೋಗಬಹುದಾ?

ಆಗುವುದಿಲ್ಲ. 80 ಲಕ್ಷ ರೂಪಾಯಿಯ ಡಬಲ್ ಬೆಡ್‌ರೂಂ ಫ್ಲಾಟಿಗೆ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3 ಲಕ್ಷ, ಅಂದರೆ ಹಾಕಿದ ಹಣದ ಮೇಲೆ ಶೇ 3.75. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವವರೆಗಿನ ಒಂದು ತಿಂಗಳ ನಷ್ಟ, ಆಸ್ತಿ ತೆರಿಗೆ, ರಿಪೇರಿ, ಸುಣ್ಣಬಣ್ಣ ಇವನ್ನೆಲ್ಲ ಕಳೆದರೆ ಕೈಗೆ ಉಳಿಯುವುದು ಅದಕ್ಕಿಂತ ಕಡಿಮೆ. ಇತ್ತ 60 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 52,000 ರೂಪಾಯಿ. ಬಾಡಿಗೆ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಉಳಿದ ಅರ್ಧವನ್ನು ಸಂಬಳದಿಂದ ಕಟ್ಟುವ ಶಕ್ತಿ ಇದ್ದು, ಮುಂದೆ ಬೆಲೆ ಏರುತ್ತದೆಂಬ ನಂಬಿಕೆಯೂ ಇದ್ದರೆ ಕೊಳ್ಳಬಹುದು; ಆದರೆ ಬಾಡಿಗೆಯೇ ಸಾಲ ತೀರಿಸುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ತಂದೆತಾಯಿಯ ಕಾಲದ 30 ಅಡಿ 40 ಅಡಿಯ ಸೈಟಿನ ಮೇಲೆ ಕಟ್ಟಿಸುವವರ ಲೆಕ್ಕ ಬೇರೆ. ಅವರು ಭೂಮಿಗೆ ಇಂದಿನ ಬೆಲೆ ಕೊಡಬೇಕಾಗಿಲ್ಲ, ಕಟ್ಟಡದ ಖರ್ಚಿಗೆ ಮಾತ್ರ ಬಾಡಿಗೆಯನ್ನು ಹೋಲಿಸಿ ನೋಡಬಹುದು. ಬೆಂಗಳೂರಿನಲ್ಲಿ ಬಾಡಿಗೆಯಿಂದ ನೆಮ್ಮದಿಯಾಗಿರುವ ಕುಟುಂಬಗಳಲ್ಲಿ ಬಹಳಷ್ಟು ಈ ಬಗೆಯವೇ ಆಗಿವೆ.

ಬಾಡಿಗೆ ಎಷ್ಟು ಅಂತ ಹೇಳಬೇಕು? ಸ್ವಲ್ಪ ಜಾಸ್ತಿನೇ ಹೇಳಿ ಕಾಯೋದು ಒಳ್ಳೇದಲ್ವಾ?

ಅದೇ ರಸ್ತೆಯಲ್ಲಿ, ಅದೇ ಅಳತೆಯ ಮನೆಗೆ ಕಳೆದ ಆರು ತಿಂಗಳಲ್ಲಿ ಬಂದವರು ನಿಜವಾಗಿ ಎಷ್ಟು ಕೊಡುತ್ತಿದ್ದಾರೆಂದು ವಿಚಾರಿಸಿ, ಜಾಹೀರಾತಿನಲ್ಲಿ ಕಾಣುವ ಮೊತ್ತವನ್ನು ನಂಬಬೇಡಿ. 22,000 ರೂಪಾಯಿಗೆ ಹೋಗುವ ಮನೆಗೆ 24,000 ಕೇಳಿ ಎರಡು ತಿಂಗಳು ಖಾಲಿ ಇಟ್ಟರೆ 44,000 ರೂಪಾಯಿ ಹೋಗುತ್ತದೆ, ಆ ನಷ್ಟ ತುಂಬಲು ಹೆಚ್ಚುವರಿ 2,000 ರೂಪಾಯಿಯನ್ನು 22 ತಿಂಗಳು ಪಡೆಯಬೇಕು. ಇನ್ನೊಂದು ಮಾತು: ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಹಾಲು ಉಕ್ಕಿಸಿ ಹೊಸ ಮನೆಗೆ ಹೋಗಲು ಇಂದಿಗೂ ಅನೇಕರು ಒಪ್ಪುವುದಿಲ್ಲ. ಹಳೆಯ ಬಾಡಿಗೆದಾರರು ಜ್ಯೇಷ್ಠದ ಕೊನೆಯಲ್ಲಿ ಬಿಡುತ್ತಾರೆಂದರೆ ಟು-ಲೆಟ್ ಬೋರ್ಡನ್ನು ಒಂದು ತಿಂಗಳು ಮುಂಚಿತವಾಗಿಯೇ ಹಾಕುವುದು ಸರಿ.

ಹತ್ತು ತಿಂಗಳ ಅಡ್ವಾನ್ಸ್ ಈಗಲೂ ಕೇಳಬಹುದಾ? ಹೊಸ ಕಾನೂನಲ್ಲಿ ಎರಡೇ ತಿಂಗಳು ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು.

ಎರಡು ತಿಂಗಳ ಮಿತಿಯ ಮಾತು ಬಂದಿರುವುದು ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಿಂದ. ಅದು ವಾಸದ ಮನೆಗೆ ಎರಡು ತಿಂಗಳ, ವಾಣಿಜ್ಯ ಮಳಿಗೆಗೆ ಆರು ತಿಂಗಳ ಬಾಡಿಗೆಗೆ ಠೇವಣಿಯನ್ನು ಮಿತಿಗೊಳಿಸುತ್ತದೆ. ಆದರೆ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧ ಸಂವಿಧಾನದ ರಾಜ್ಯ ಪಟ್ಟಿಗೆ ಸೇರಿದ ವಿಷಯವಾದ್ದರಿಂದ, ಹೆಸರೇ ಹೇಳುವಂತೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಕರ್ನಾಟಕ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡಿಲ್ಲ. ಹಾಗಾಗಿ ನಮ್ಮಲ್ಲಿ ಅಡ್ವಾನ್ಸ್ ಎಷ್ಟೆಂಬುದು ಇಬ್ಬರ ಒಪ್ಪಂದಕ್ಕೆ ಬಿಟ್ಟದ್ದು.

ಕಾನೂನು ತಡೆಯುವುದಿಲ್ಲವೆಂದ ಮಾತ್ರಕ್ಕೆ ಹತ್ತು ತಿಂಗಳು ಕೇಳಬೇಕೆಂದೇನಿಲ್ಲ. 25,000 ರೂಪಾಯಿ ಬಾಡಿಗೆಗೆ ಹತ್ತು ತಿಂಗಳೆಂದರೆ ಎರಡೂವರೆ ಲಕ್ಷ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೋ ಹುಡುಗಿಯೋ ಅದನ್ನು ವೈಯಕ್ತಿಕ ಸಾಲ ತೆಗೆದು ತರಬೇಕಾಗುತ್ತದೆ. ಎರಡು ತಿಂಗಳ ಬಾಕಿ, ಒಂದಷ್ಟು ರಿಪೇರಿ, ಉಳಿದ ಕರೆಂಟು ನೀರಿನ ಬಿಲ್ಲು ಇವಕ್ಕೆಲ್ಲ ನಾಲ್ಕೈದು ತಿಂಗಳ ಮೊತ್ತ ಧಾರಾಳವಾಗಿ ಸಾಕು. ಅಡ್ವಾನ್ಸ್ ಕಡಿಮೆ ಮಾಡಿದರೆ ಒಳ್ಳೆಯ ಬಾಡಿಗೆದಾರರ ಆಯ್ಕೆಯೂ ವಿಸ್ತಾರವಾಗುತ್ತದೆ.

ಅಡ್ವಾನ್ಸ್ ದುಡ್ಡನ್ನ ಮನೆ ಕೆಲಸಕ್ಕೆ ಬಳಸಿಕೊಂಡ್ರೆ ತಪ್ಪೇನು?

ಆ ಹಣ ನಿಮ್ಮದಲ್ಲ, ಹಿಂದಿರುಗಿಸಬೇಕಾದ ಋಣ. ಅದನ್ನು ಖರ್ಚು ಮಾಡಿಕೊಂಡ ಓನರ್‌ಗಳು ಹಳೆಯ ಬಾಡಿಗೆದಾರರಿಗೆ ‘ಹೊಸಬರು ಬಂದ ಮೇಲೆ ಕೊಡುತ್ತೇನೆ’ ಎನ್ನುವುದನ್ನು ದಿನವೂ ಕೇಳುತ್ತೇವೆ. ಆ ಬಡಪಾಯಿ ಹೊಸ ಮನೆಗೆ ಅಡ್ವಾನ್ಸ್ ಕೊಡಲಾಗದೆ ತತ್ತರಿಸುತ್ತಾನೆ. ಪ್ರತಿ ಪೋರ್ಷನ್ನಿನ ಅಡ್ವಾನ್ಸನ್ನು ಬೇರೆ ಬೇರೆ ಸ್ಥಿರ ಠೇವಣಿಯಲ್ಲಿಟ್ಟು, ಸಾಧ್ಯವಾದರೆ ಪತಿಪತ್ನಿಯರ ಜಂಟಿ ಹೆಸರಿನಲ್ಲಿಡಿ. ಓನರ್ ತೀರಿಕೊಂಡರೆ ಮಕ್ಕಳು ಪಾಲಿನ ಲೆಕ್ಕದಲ್ಲಿ ಮುಳುಗಿರುವಾಗಲೂ ಬಾಡಿಗೆದಾರರ ಹಣ ಸುರಕ್ಷಿತವಾಗಿರುತ್ತದೆ. ಪಡೆಯುವುದೂ ಹಿಂದಿರುಗಿಸುವುದೂ ಬ್ಯಾಂಕಿನ ಮೂಲಕವೇ ಆಗಬೇಕು.

## ಕರಾರು ಮತ್ತು ಬಾಡಿಗೆದಾರರ ಆಯ್ಕೆ

ಎಲ್ಲರೂ ಹನ್ನೊಂದು ತಿಂಗಳಿಗೇ ಯಾಕೆ ಅಗ್ರಿಮೆಂಟ್ ಮಾಡ್ತಾರೆ?

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಹಾಗೂ 1908ರ ನೋಂದಣಿ ಕಾಯ್ದೆ ಹೇಳುತ್ತವೆ. ಹನ್ನೊಂದು ತಿಂಗಳಾದರೆ ಆ ಕಡ್ಡಾಯವಿಲ್ಲ. ಮೂರು ವರ್ಷವೆಂದು ಬರೆದು ನೋಂದಾಯಿಸದೆ ಬಿಟ್ಟರೆ, ಆ ಮೂರು ವರ್ಷದ ಅವಧಿಯನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಆ ಪತ್ರ ನೆರವಿಗೆ ಬರುವುದಿಲ್ಲ. ಹೆಚ್ಚು ಕಾಲ ನಿಲ್ಲುವ ಬಾಡಿಗೆದಾರರು ಸಿಕ್ಕಿ, ಇಬ್ಬರಿಗೂ ಆ ಭದ್ರತೆ ಬೇಕೆನ್ನಿಸಿದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಸಮಯ ಗೊತ್ತುಮಾಡಿಕೊಂಡು ನೋಂದಣಿ ಮಾಡಿಸುವುದೇ ಒಳ್ಳೆಯದು.

ನೋಟರಿಯ ಮೊಹರು ನೋಂದಣಿಗೆ ಸಮವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಹಾಗೆಯೇ ಹಳೆಯ ರೂಢಿಯಂತೆ ಕೈಗೆ ಸಿಕ್ಕ ಬಾಂಡ್ ಪೇಪರಿನ ಮೇಲೆ ಬರೆಸುವುದನ್ನು ಬಿಡಿ. ಮುದ್ರಾಂಕ ಶುಲ್ಕ ಬಾಡಿಗೆ, ಅಡ್ವಾನ್ಸ್ ಮತ್ತು ಅವಧಿಯನ್ನು ಅವಲಂಬಿಸಿ ನಿಗದಿಯಾಗುತ್ತದೆ. ಕಡಿಮೆ ಮುದ್ರಾಂಕದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ದಿನ ಕೊರತೆಯ ಹತ್ತು ಪಟ್ಟಿನವರೆಗೆ ದಂಡ ತೆರಬೇಕಾದೀತು. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಆ ಸ್ಥಿತಿ ತಂದುಕೊಳ್ಳುವುದು ಬೇಡ.

ಅಗ್ರಿಮೆಂಟ್‌ನಲ್ಲಿ ಏನೇನು ಬರೆಸಬೇಕು? ಟೈಪಿಂಗ್ ಅಂಗಡಿಯವರ ಹತ್ರ ಇರೋ ನಮೂನೆ ಸಾಲದಾ?

ಬಾಡಿಗೆ, ಅಡ್ವಾನ್ಸ್, ಅವಧಿ, ನೋಟಿಸ್ ಇವು ಆ ನಮೂನೆಯಲ್ಲಿಯೂ ಇರುತ್ತವೆ. ಸಾಲದಿರುವುದು ಮನೆಯ ವಿವರ. ಬೀಗದ ಕೈ ಕೊಡುವ ದಿನ ಇಬ್ಬರೂ ಒಟ್ಟಿಗೆ ಮನೆಯನ್ನು ಒಂದು ಸುತ್ತು ಹಾಕಿ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕರಾರಿಗೆ ಲಗತ್ತಿಸಬೇಕು. ಬೆಸ್ಕಾಂ ಮೀಟರಿನ ಆರ್‌ಆರ್ ಸಂಖ್ಯೆ ಮತ್ತು ಅಂದಿನ ರೀಡಿಂಗ್. ಫ್ಯಾನು, ಗೀಸರ್, ಟ್ಯೂಬ್‌ಲೈಟುಗಳ ಸಂಖ್ಯೆ ಮತ್ತು ಅವು ಕೆಲಸ ಮಾಡುತ್ತಿವೆಯೇ ಎಂಬುದು. ಅಡುಗೆಮನೆಯ ಗ್ರಾನೈಟಿನ ಮೂಲೆ ಒಡೆದಿದ್ದರೆ ಅದು. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅದು. ಕೊಟ್ಟ ಬೀಗದ ಕೈಗಳು ಎಷ್ಟು ಎಂಬುದು. ನಮ್ಮ ಕೆಳಗಿನ ಪೋರ್ಷನ್ನಿನ ಪಟ್ಟಿಯಲ್ಲಿ ‘ಹಾಲಿನ ಕಿಟಕಿಯ ಎಡಗಡೆ ಸೊಳ್ಳೆ ಪರದೆ ಹರಿದಿದೆ’ ಎಂಬ ಸಾಲಿದೆ. ಇಷ್ಟು ಚಿಕ್ಕದನ್ನು ಬರೆಯುವುದೇಕೆ ಎಂದು ಆಗ ಅನ್ನಿಸುತ್ತದೆ, ಆದರೆ ಎರಡು ವರ್ಷದ ನಂತರ ಅದನ್ನು ಹರಿದವರು ಯಾರೆಂಬ ಮಾತೇ ಏಳುವುದಿಲ್ಲ. ಇದರೊಡನೆ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ.

ಕರಾರಿನಲ್ಲಿ ಸ್ಪಷ್ಟವಾಗಿರಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಎಷ್ಟು ಜನ ವಾಸವಿರುತ್ತಾರೆ, ಗಾಡಿ ನಿಲ್ಲಿಸುವ ಜಾಗ ಯಾವುದು, ಟೆರೇಸಿನ ಬಳಕೆಗೆ ಅವಕಾಶವಿದೆಯೇ, ನಾಯಿ ಬೆಕ್ಕು ಸಾಕಬಹುದೇ, ಅವಧಿಗೆ ಮುನ್ನ ಬಿಟ್ಟರೆ ಏನು, ಖಾಲಿ ಮಾಡಿದ ಎಷ್ಟು ದಿನದೊಳಗೆ ಅಡ್ವಾನ್ಸ್ ಹಿಂದಿರುಗಿಸಬೇಕು ಎಂಬುವು. ಕೊನೆಯದನ್ನು ಓನರ್‌ಗಳು ಸಾಮಾನ್ಯವಾಗಿ ಬರೆಸುವುದಿಲ್ಲ. ಬೀಗದ ಕೈ ಹಿಂದಿರುಗಿಸಿದ ದಿನವೇ ಬಹುಭಾಗ, ಉಳಿದ ಬಿಲ್ಲುಗಳ ಲೆಕ್ಕ ಮುಗಿದ ಮೇಲೆ 15 ದಿನದೊಳಗೆ ಶೇಷ ಎಂದು ಬರೆಯುವುದು ನ್ಯಾಯವಾದ ಕ್ರಮ.

ಬ್ಯಾಚುಲರ್‌ಗಳಿಗೆ ಮನೆ ಕೊಡಬಹುದಾ? ಅಕ್ಕಪಕ್ಕದವರು ಬೇಡ ಅಂತಾರೆ.

ಧಾರಾಳವಾಗಿ ಕೊಡಬಹುದು. ಈ ಊರನ್ನು ನಡೆಸುತ್ತಿರುವ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಅರೆಪಾಲು ಮಂದಿ ಒಂದಲ್ಲ ಒಂದು ಕಾಲದಲ್ಲಿ ಹಾಗೆ ಇದ್ದವರೇ. ನೋಡಬೇಕಾದ್ದು ಬಾಡಿಗೆ ಕಟ್ಟುವ ಶಕ್ತಿ ಮತ್ತು ಹಿಂದಿನ ಮನೆಯಲ್ಲಿ ನಡೆದುಕೊಂಡ ರೀತಿ. ಕೆಲಸದ ಗುರುತಿನ ಪತ್ರ, ಆಧಾರ್ ಪ್ರತಿ, ಊರಿನಲ್ಲಿರುವ ಹಿರಿಯರ ದೂರವಾಣಿ ಸಂಖ್ಯೆ ಪಡೆಯಿರಿ, ಹಿಂದಿನ ಓನರ್‌ಗೆ ಒಂದು ಕರೆ ಮಾಡಿ. ಮೂವರು ಸೇರಿ ಬಾಡಿಗೆಗೆ ಬಂದರೆ ಮೂವರ ಹೆಸರೂ ಕರಾರಿನಲ್ಲಿರಲಿ, ಪೂರ್ತಿ ಬಾಡಿಗೆಗೆ ಪ್ರತಿಯೊಬ್ಬರೂ ಹೊಣೆ ಎಂಬುದೂ, ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗ ಲಿಖಿತ ಒಪ್ಪಿಗೆ ಬೇಕೆಂಬುದೂ ಬರೆದಿರಲಿ. ಬಾಡಿಗೆದಾರರ ಮಾಹಿತಿಯನ್ನು ಆಯಾ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ವಿದೇಶಿಯರಿಗೆ ಕೊಡುವುದಾದರೆ ಅವರು ಬಂದ 24 ಗಂಟೆಯೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ವರದಿ ಸಲ್ಲಿಸುವುದು ಓನರ್‌ನ ಕಡ್ಡಾಯ ಹೊಣೆ.

ಆರ್ಮಿ ಆಫೀಸರ್ ಅಂತ ಹೇಳಿಕೊಂಡು ಮನೆ ನೋಡದೇ ಅಡ್ವಾನ್ಸ್ ಕಳಿಸ್ತೀನಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದ್ರು. ಮಾಡಬಹುದಾ?

ಮಾಡಬೇಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಹಾಗೆಯೇ ಮನೆ ಹುಡುಕುವವರು ಒಳಗೆ ಕಾಲಿಟ್ಟು ನೋಡದೆ, ಓನರ್ ಯಾರೆಂದು ಖಾತೆ ಅಥವಾ ತೆರಿಗೆ ರಸೀದಿಯಿಂದ ತಿಳಿಯದೆ ಟೋಕನ್ ಅಡ್ವಾನ್ಸ್ ಕೊಡಬಾರದು.

## ವಾಸವಿರುವಾಗ

ನೀರು, ಕರೆಂಟು ಬಿಲ್ಲನ್ನ ಹೇಗೆ ಹಂಚಬೇಕು? ಗೃಹಜ್ಯೋತಿ ಬಾಡಿಗೆದಾರರಿಗೆ ಸಿಗುತ್ತಾ?

ಸಿಗುತ್ತದೆ. 2023ರ ಜುಲೈನಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ, ಆಯಾ ಮೀಟರಿಗೆ ನಿಗದಿಯಾದ ಅರ್ಹತೆಯ ಮಿತಿಯಲ್ಲಿ, ಮನೆಬಳಕೆಯ ವಿದ್ಯುತ್ ಉಚಿತ. ಬಾಡಿಗೆದಾರರು ತಮ್ಮ ಆಧಾರನ್ನು ಮನೆಯ ಮೀಟರಿಗೆ ಜೋಡಿಸಿ ಸೇವಾಸಿಂಧು ಮೂಲಕ ನೋಂದಾಯಿಸಿಕೊಳ್ಳಬೇಕು, ಬಿಟ್ಟು ಹೋಗುವಾಗ ಆ ಜೋಡಣೆಯನ್ನು ತೆಗೆಸಬೇಕು. ಹಿಂದಿನವರು ತೆಗೆಸದೆ ಹೋದರೆ ಹೊಸದಾಗಿ ಬಂದವರಿಗೆ ತೊಡಕಾಗುತ್ತದೆ, ಆದ್ದರಿಂದ ಇದನ್ನೂ ಖಾಲಿ ಮಾಡುವ ದಿನದ ಪಟ್ಟಿಗೆ ಸೇರಿಸಿ. ಮೂರು ಪೋರ್ಷನ್ನಿಗೂ ಒಂದೇ ಮೀಟರ್ ಇಟ್ಟು ಸಬ್ ಮೀಟರ್ ಹಾಕಿಸಿದರೆ ಬಾಡಿಗೆದಾರರ ಮನೆಗಳು ಈ ಸೌಲಭ್ಯದಿಂದ ವಂಚಿತವಾಗುತ್ತವೆ. ಸರ್ಕಾರ ಉಚಿತವಾಗಿ ಕೊಟ್ಟ ಕರೆಂಟಿಗೆ ಬಾಡಿಗೆದಾರರಿಂದ ಯೂನಿಟ್ ಲೆಕ್ಕದಲ್ಲಿ ಹಣ ವಸೂಲು ಮಾಡುವುದು ಅನ್ಯಾಯ, ಅದನ್ನು ಯಾರೂ ಮಾಡಬಾರದು.

ನೀರಿನದು ಇದಕ್ಕಿಂತ ಸೂಕ್ಷ್ಮ. ಒಂದೇ ಸಂಪು, ಒಂದೇ ಮೋಟರ್ ಇರುವ ಕಟ್ಟಡದಲ್ಲಿ ತಲೆಗಿಷ್ಟು ಎಂದು ಹಂಚುವುದು ಮನೆಗಿಷ್ಟು ಎಂದು ಹಂಚುವುದಕ್ಕಿಂತ ಸರಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ನಗರದ ಹೊರವಲಯದ 110 ಹಳ್ಳಿಗಳಿಗೆ ಜಲಮಂಡಳಿಯ ನೀರು ಹರಿಯುವಂತಾಗಿದ್ದರೂ, ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿರುವ ಮನೆಗಳು ಇನ್ನೂ ಇವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರಿನ ಹಣ ಯಾರು ಕೊಡಬೇಕೆಂದು ಎಷ್ಟೋ ಮನೆಗಳಲ್ಲಿ ಮಾತು ಬೆಳೆಯಿತು. ಮನೆಗೆ ನೀರು ಒದಗಿಸುವುದು ಓನರ್‌ನ ಹೊಣೆ. ಆದರೂ ಬೇಸಿಗೆಯ ಟ್ಯಾಂಕರ್ ಖರ್ಚನ್ನು ಯಾವ ಪ್ರಮಾಣದಲ್ಲಿ ಹಂಚಿಕೊಳ್ಳಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಅರ್ಧರ್ಧ ಸರಿಯೆನ್ನಿಸುತ್ತದೆ.

ರಿಪೇರಿ ಯಾರು ಮಾಡಿಸಬೇಕು?

ಬಳಕೆಯಿಂದ ಸವೆಯುವ ಬಲ್ಬು, ನಲ್ಲಿಯ ವಾಷರ್, ಕಟ್ಟಿಕೊಂಡ ಸಿಂಕು ಬಾಡಿಗೆದಾರರದು. ಗೋಡೆಯೊಳಗಿನ ಪೈಪು, ವೈರಿಂಗು, ಟೆರೇಸಿನಿಂದ ಇಳಿಯುವ ನೀರು, ಮೋಟರ್, ಒಳಚರಂಡಿ ಓನರ್‌ನದು. ಓನರ್ ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಡ್ಡಿಯೊಡನೆ ಬಾಡಿಗೆಯಲ್ಲಿ ಮುರಿದುಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಆದ್ದರಿಂದ ದೂರನ್ನು ಸಂದೇಶದ ರೂಪದಲ್ಲಿಯಾದರೂ ಬರಹದಲ್ಲಿ ತಿಳಿಸುವುದು ಬಾಡಿಗೆದಾರರಿಗೆ ಒಳ್ಳೆಯದು.

ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡ್ರು. ಇದು ಸರಿನಾ?

ನನಗೆ ಬರುವ ಪ್ರಶ್ನೆಗಳಲ್ಲಿ ಇಷ್ಟು ಸಲ ಬಂದದ್ದು ಇನ್ನೊಂದಿಲ್ಲ. ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಳ್ಳುವುದು ಬೆಂಗಳೂರಿನ ರೂಢಿಯೇ ಹೊರತು ಯಾವ ಕಾನೂನಿನ ನಿಯಮವೂ ಅಲ್ಲ. ಕರಾರಿನಲ್ಲಿ ಹಾಗೆ ಬರೆದು ಬಾಡಿಗೆದಾರರು ಸಹಿ ಮಾಡಿದ್ದರೆ ಅದಕ್ಕೆ ಬದ್ಧರಾಗಬೇಕಾಗುತ್ತದೆ. ಬರೆದಿಲ್ಲದಿದ್ದರೆ ಸಹಜ ಸವಕಳಿಗೆ ಅವರಿಂದ ಹಣ ಕೇಳುವಂತಿಲ್ಲ, ಏಕೆಂದರೆ ಮನೆಯನ್ನು ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸುವ ಹೊಣೆಯಿಂದ ಸಹಜ ಸವಕಳಿಯನ್ನು ಅದೇ 108ನೇ ಕಲಂ ಹೊರಗಿಟ್ಟಿದೆ.

ಬರೆದಿದ್ದರೂ ನ್ಯಾಯ ನೋಡಬೇಕು. ಮಕ್ಕಳು ಗೋಡೆಯ ಮೇಲೆ ಕ್ರೇಯಾನಿನಲ್ಲಿ ಬರೆದದ್ದು, ಒಲೆಯ ಹಿಂದೆ ಕಟ್ಟಿದ ಎಣ್ಣೆಜಿಡ್ಡು, ಟಿವಿ ತೂಗುಹಾಕಲು ಕೊರೆದ ತೂತು ಇವು ಬಾಡಿಗೆದಾರರ ಲೆಕ್ಕಕ್ಕೆ ಸೇರುತ್ತವೆ. ಮಳೆಗಾಲದಲ್ಲಿ ಟೆರೇಸಿನಿಂದ ನೀರಿಳಿದು ಮಲಗುವ ಕೋಣೆಯ ಗೋಡೆ ಹಸಿರುಗಟ್ಟಿ ಬಣ್ಣ ಹಪ್ಪಳದಂತೆ ಎದ್ದಿದ್ದರೆ ಅದು ಓನರ್‌ನ ಲೆಕ್ಕ. ಮೂರು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಇದ್ದರೆ ಆ ಅವಧಿಯಲ್ಲಿ ಬಣ್ಣ ಹೇಗೂ ಹಳತಾಗುತ್ತಿತ್ತು, ಓನರ್ ತಾನೇ ಹೊಡೆಸುವುದು ಸರಿ. ಆರು ತಿಂಗಳಿಗೇ ಬಿಟ್ಟುಹೋಗುವವರು ಒಂದು ಪಾಲು ಕೊಡುವುದೂ ಅಷ್ಟೇ ಸರಿ. ಹಣ ಮುರಿದುಕೊಂಡು, ಗೋಡೆ ಒರೆಸಿ, ಹಾಗೆಯೇ ಮುಂದಿನವರಿಗೆ ಕೊಡುವುದನ್ನು ಮಾತ್ರ ಯಾವ ರೂಢಿಯ ಹೆಸರಿನಲ್ಲಿಯೂ ಸಮರ್ಥಿಸಲಾಗದು. ಬಣ್ಣದ ಅಂಗಡಿಯ ಬಿಲ್ಲು, ಕೂಲಿಯ ರಸೀದಿ ಎರಡನ್ನೂ ಹೊರಟವರಿಗೆ ತೋರಿಸುವ ಓನರ್‌ಗಳನ್ನು ಬಲ್ಲೆ. ಅವರ ಮನೆಗೆ ಬಿಟ್ಟುಹೋದವರೇ ಹೊಸ ಬಾಡಿಗೆದಾರರನ್ನು ಕರೆತರುತ್ತಾರೆ.

ವರ್ಷಕ್ಕೆ ಎಷ್ಟು ಬಾಡಿಗೆ ಏರಿಸಬಹುದು?

ಕರಾರಿನಲ್ಲಿ ಬರೆದಷ್ಟು. ಶೇ 5ರಿಂದ 10ರವರೆಗೆ ಬರೆಯುವುದು ವಾಡಿಕೆ. ಕರಾರಿನ ಅವಧಿಯ ನಡುವೆ ಏರಿಸುವಂತಿಲ್ಲ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಟ್ಟು ಮನೆಯನ್ನು ಚೆನ್ನಾಗಿಟ್ಟುಕೊಂಡವರಿಗೆ ಶೇ 5 ಸಾಕು. ಅವರು ಹೋದರೆ ಒಂದು ತಿಂಗಳು ಖಾಲಿ ಬೀಳುವ ನಷ್ಟವೇ ಶೇ 8ಕ್ಕಿಂತ ಹೆಚ್ಚಾಗುತ್ತದೆ.

ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಓನರ್ ಕೊಡಬೇಕಾ, ಬಾಡಿಗೆದಾರರಾ?

ತಿಂಗಳ ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರೂ, ಕಟ್ಟಡದ ದೊಡ್ಡ ಕೆಲಸಗಳಿಗೆ ಸಂಘ ಎತ್ತುವ ನಿಧಿಯನ್ನು ಓನರೂ ಕೊಡುವುದು ರೂಢಿ. ಬಾಡಿಗೆ ಹೇಳುವಾಗ ನಿರ್ವಹಣೆ ಸೇರಿದೆಯೇ ಇಲ್ಲವೇ ಎಂದು ಸ್ಪಷ್ಟಪಡಿಸಿ.

## ತೆರಿಗೆ

ಬಾಡಿಗೆಗೆ ಕೊಟ್ಟ ಮನೆಗೆ ಕಂದಾಯ ಜಾಸ್ತಿನಾ?

ಹೌದು. 2008ರಿಂದ ಬಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ವಾಸದ ಮನೆಯ ಚದರಡಿ ದರ ಸ್ವಂತ ವಾಸದ ದರದ ಎರಡರಷ್ಟು. ನೆಲಮಹಡಿಯಲ್ಲಿ ತಾವಿದ್ದು ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟವರು ಆಯಾ ಭಾಗದ ಅಳತೆಯನ್ನು ಪ್ರತ್ಯೇಕವಾಗಿ ಘೋಷಿಸಬೇಕು. ಎಲ್ಲವೂ ಸ್ವಂತ ವಾಸವೆಂದು ತೋರಿಸಿದವರಿಗೆ ವ್ಯತ್ಯಾಸದ ಮೊತ್ತ ಬಡ್ಡಿ ದಂಡದೊಡನೆ ಹಿಂದಿನ ವರ್ಷಗಳಿಂದ ಲೆಕ್ಕವಾಗಿ ನೋಟಿಸ್ ಬಂದಿರುವುದುಂಟು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ, ನಿಮ್ಮ ಆಸ್ತಿ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ರಸೀದಿಯಲ್ಲಿ ಗಮನಿಸಿ.

ಬಾಡಿಗೆ ಆದಾಯಕ್ಕೆ ಇನ್‌ಕಂ ಟ್ಯಾಕ್ಸ್ ಹೇಗೆ ಲೆಕ್ಕ ಹಾಕ್ತಾರೆ?

ವರ್ಷದ ಬಾಡಿಗೆ 3,00,000 ರೂಪಾಯಿ, ನೀವು ಆ ವರ್ಷ ಕಟ್ಟಿದ ಆಸ್ತಿ ತೆರಿಗೆ 8,000 ರೂಪಾಯಿ ಎಂದುಕೊಳ್ಳಿ. ಉಳಿದ 2,92,000ದಲ್ಲಿ ಶೇ 30, ಅಂದರೆ 87,600 ರೂಪಾಯಿಯನ್ನು ಯಾವ ಬಿಲ್ಲೂ ಕೇಳದೆ ಕಳೆಯುತ್ತಾರೆ. ತೆರಿಗೆಗೆ ಒಳಪಡುವುದು 2,04,400 ರೂಪಾಯಿ. ಮನೆಸಾಲದ ಬಡ್ಡಿ ಇದ್ದರೆ ಅದನ್ನೂ ಕಳೆಯಬಹುದು. ಶೇ 30ರೊಳಗೆ ರಿಪೇರಿ ಬಣ್ಣ ಎಲ್ಲ ಸೇರಿರುವುದರಿಂದ ಅವನ್ನು ಮತ್ತೆ ತೋರಿಸುವಂತಿಲ್ಲ. ಬಡ್ಡಿಯಿಂದಾಗಿ ನಷ್ಟ ಕಂಡರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದಲ್ಲಿ ಹೊಂದಿಸಿಕೊಳ್ಳಬಹುದು, ಹೊಸ ಪದ್ಧತಿಯಲ್ಲಿ ಆ ಅವಕಾಶವಿಲ್ಲ. ಮನೆ ನಿಮ್ಮ ಹೆಸರಿನಲ್ಲಿದ್ದು ಬಾಡಿಗೆಯನ್ನು ಹೆಂಡತಿಯ ಖಾತೆಗೆ ಹಾಕಿಸಿದರೂ ಅದು ನಿಮ್ಮ ಆದಾಯವೇ.

ಓನರ್ ಅಮೆರಿಕದಲ್ಲಿದ್ದಾರೆ, ಬಾಡಿಗೆದಾರರಾದ ನಾವು ಟಿಡಿಎಸ್ ಹಿಡಿಯಬೇಕಾ?

ಹಿಡಿಯಲೇಬೇಕು. ಓನರ್ ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಇರಲಿ ಶೇ 30, ಸೆಸ್ ಸೇರಿ ಶೇ 31.2ರಷ್ಟನ್ನು ಮೂಲದಲ್ಲಿಯೇ ಕಡಿತಮಾಡಿ ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದು. ಕಡಿಮೆ ದರದ ಪ್ರಮಾಣಪತ್ರ ಬೇಕಾದರೆ ಓನರ್ ಆದಾಯ ತೆರಿಗೆ ಇಲಾಖೆಯಿಂದ ಪಡೆಯಬೇಕು. ಓನರ್ ಇಲ್ಲಿಯೇ ಇರುವವರಾದರೆ, ಬಾಡಿಗೆ ತಿಂಗಳಿಗೆ 50,000 ರೂಪಾಯಿ ಮೀರಿದಾಗ ಮಾತ್ರ ವ್ಯಕ್ತಿಗತ ಬಾಡಿಗೆದಾರರು ಕಡಿತ ಮಾಡಬೇಕು. ಮೊದಲು ಶೇ 5 ಇದ್ದ ಆ ದರ 2024ರ ಅಕ್ಟೋಬರ್ 1ರಿಂದ ಶೇ 2ಕ್ಕೆ ಇಳಿದಿದೆ. ವಿದೇಶದಲ್ಲಿರುವ ಓನರ್‌ಗಳು ಇದನ್ನು ಕರಾರಿಗೆ ಮುನ್ನವೇ ಬಾಡಿಗೆದಾರರಿಗೆ ತಿಳಿಸುವುದು ಅವರ ಕರ್ತವ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಕಡಿತ ಮಾಡದಿದ್ದರೆ ಬಡ್ಡಿ ದಂಡ ಬೀಳುವುದು ಬಾಡಿಗೆದಾರರ ಮೇಲೆ.

## ಜಟಿಲ ವಿಷಯಗಳು

ಹದಿನೈದು ಲಕ್ಷ ಕೊಟ್ಟು ಲೀಸ್‌ಗೆ ಮನೆ ತಗೊಂಡ್ರೆ ಬಾಡಿಗೆನೇ ಇರಲ್ಲ ಅಂತಾರೆ. ಇದು ಯಾರಿಗೆ ಲಾಭ?

ಒಂದೇ ಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷವಿದ್ದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವ ಭೋಗ್ಯದ ಪದ್ಧತಿ ನಮ್ಮಲ್ಲಿ ಹಳೆಯದು. ತಿಂಗಳಿಗೆ 18,000 ಬಾಡಿಗೆ ಬರಬಹುದಾದ ಮನೆಯನ್ನು 15 ಲಕ್ಷಕ್ಕೆ ಕೊಟ್ಟ ಓನರ್ ವರ್ಷಕ್ಕೆ 2,16,000 ರೂಪಾಯಿ ಬಾಡಿಗೆ ಬಿಟ್ಟಂತಾಯಿತು. ಅಂದರೆ ಆ 15 ಲಕ್ಷಕ್ಕೆ ಶೇ 14.4ರ ಬಡ್ಡಿ ತೆತ್ತಂತೆ. ಬ್ಯಾಂಕಿನ ಮನೆಸಾಲ ಇದಕ್ಕಿಂತ ಎಷ್ಟೋ ಅಗ್ಗ. ಬ್ಯಾಂಕು ಸಾಲ ಕೊಡಲೊಪ್ಪದ ಸ್ಥಿತಿಯಲ್ಲಿರುವ ಓನರ್‌ಗಳೂ ಈ ದಾರಿ ಹಿಡಿಯುತ್ತಾರೆ ಎಂಬುದನ್ನು ಹಣ ಕೊಡುವವರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವಧಿ ಮುಗಿದಾಗ 15 ಲಕ್ಷ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಓನರ್ ಬಳಿ ಸ್ಪಷ್ಟ ಉತ್ತರವಿರಬೇಕು.

ಕೊಡುವವರು ಮೊದಲು ಋಣಭಾರ ಪ್ರಮಾಣಪತ್ರ ತೆಗೆಸಿ, ಮನೆ ಬ್ಯಾಂಕಿಗೆ ಅಡವಾಗಿದೆಯೇ ಎಂದು ನೋಡಬೇಕು. ಅಡವಾಗಿರುವ ಮನೆಯ ಕಂತು ನಿಂತರೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು, ಆಗ ಭೋಗ್ಯದವರ ಹಣ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಮನೆಯನ್ನೇ ಭದ್ರತೆಯಾಗಿಟ್ಟು ಸ್ವಾಧೀನಸಹಿತ ಅಡಮಾನವಾಗಿ ಮಾಡಿಕೊಳ್ಳುವುದಾದರೆ ಇಬ್ಬರು ಸಾಕ್ಷಿಗಳ ಸಹಿಯೊಡನೆ ನೋಂದಣಿ ಕಡ್ಡಾಯ. ಖರ್ಚಾಗುತ್ತದೆಂದು ಬಿಡಬೇಡಿ, 15 ಲಕ್ಷದ ಮುಂದೆ ಅದು ದೊಡ್ಡದಲ್ಲ. ಇತ್ತೀಚಿನ ವರ್ಷಗಳಲ್ಲಿ ಮಧ್ಯವರ್ತಿಗಳು ಓನರ್‌ನಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಬೇರೆ ಕುಟುಂಬಕ್ಕೆ ಲೀಸಿಗೆ ಕೊಟ್ಟು, ಗಂಟಿನೊಡನೆ ಕಣ್ಮರೆಯಾದ ಪ್ರಕರಣಗಳು ಪೊಲೀಸರ ಮುಂದೆ ಬಂದಿವೆ. ಹಣ ಖಾತೆದಾರ ಓನರ್‌ನ ಬ್ಯಾಂಕ್ ಖಾತೆಗೇ ಹೋಗಬೇಕು, ಸಹಿಯೂ ಅವರದೇ ಇರಬೇಕು. ಈ ಎರಡಕ್ಕೆ ಒಪ್ಪದಿದ್ದರೆ ಆ ಮನೆಯ ಆಸೆಯನ್ನು ಬಿಟ್ಟುಬಿಡಿ.

ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರದೇ ಆಗಿಬಿಡುತ್ತಂತೆ, ನಿಜನಾ?

ನಿಜವಲ್ಲ. 12 ವರ್ಷದ ಪ್ರತಿಕೂಲ ಸ್ವಾಧೀನದ ನಿಯಮ ಮಾಲೀಕನ ಹಕ್ಕನ್ನು ಧಿಕ್ಕರಿಸಿ ಸ್ವಾಧೀನದಲ್ಲಿರುವವರಿಗೆ ಸಂಬಂಧಿಸಿದ್ದು. ಬಾಡಿಗೆದಾರರು ಇರುವುದು ಓನರ್‌ನ ಒಪ್ಪಿಗೆಯಿಂದ, ಬಾಡಿಗೆ ನಡೆಯುತ್ತಿರುವವರೆಗೆ ಅವರು ಓನರ್‌ನ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ಈ ಭಯದಿಂದ ಒಳ್ಳೆಯ ಸಂಸಾರಸ್ಥರನ್ನು ಎರಡು ಮೂರು ವರ್ಷಕ್ಕೊಮ್ಮೆ ಎಬ್ಬಿಸುವ ಓನರ್‌ಗಳಿದ್ದಾರೆ, ಮಕ್ಕಳ ಶಾಲೆ ಬದಲಾಗುವ ಸಂಕಟವನ್ನು ಅವರು ಯೋಚಿಸಬೇಕು. ಕರಾರನ್ನು ತಪ್ಪದೆ ನವೀಕರಿಸಿ, ಬಾಡಿಗೆಯನ್ನು ಬ್ಯಾಂಕಿನಲ್ಲಿ ಪಡೆದರೆ ಸಾಕು.

ನಾಲ್ಕು ತಿಂಗಳಿಂದ ಬಾಡಿಗೆ ಕೊಡ್ತಿಲ್ಲ, ಖಾಲಿನೂ ಮಾಡ್ತಿಲ್ಲ. ಕರೆಂಟ್ ತೆಗೆಸಿಬಿಡಲಾ?

ತೆಗೆಸಬೇಡಿ. ಬೀಗ ಬದಲಾಯಿಸುವುದು, ನೀರು ಕರೆಂಟು ನಿಲ್ಲಿಸುವುದು, ಸಾಮಾನು ಹೊರಗಿಡುವುದು ಮಾಡಿದರೆ ಬಾಡಿಗೆದಾರರೇ ಪೊಲೀಸ್ ದೂರು ಕೊಡಬಹುದು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ.

ಮೊದಲು ಕುಳಿತು ಮಾತಾಡಿ. ಕೆಲಸ ಕಳೆದುಕೊಂಡು ಕಷ್ಟದಲ್ಲಿರುವವರಾದರೆ, ಬಾಕಿಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡು ಇಂಥ ದಿನ ಖಾಲಿ ಮಾಡುವುದಾಗಿ ಬರೆಸಿಕೊಳ್ಳುವುದು ಇಬ್ಬರಿಗೂ ಲೇಸು. ಅಡ್ವಾನ್ಸ್ ಪೂರ್ತಿ ಕರಗುವ ಮೊದಲೇ ಈ ಮಾತು ಆಗಬೇಕು. ಅದಕ್ಕೆ ಒಪ್ಪದಿದ್ದರೆ ವಕೀಲರ ಮೂಲಕ ನೋಟಿಸ್ ಕಳಿಸಿ. ತಿಂಗಳ ಲೆಕ್ಕದ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಸಾಕು, ಕರಾರಿನಲ್ಲಿ ಬೇರೆ ಅವಧಿಯಿದ್ದರೆ ಅದನ್ನು ಪಾಲಿಸಬೇಕು. ಅವಧಿ ಮುಗಿದ ಮೇಲೂ ಇದ್ದರೆ ತೆರವಿಗೂ ಬಾಕಿಗೂ ಸೇರಿಸಿ ದಾವೆ ಹೂಡಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಇಂದಿನ ಬಹುತೇಕ ಮನೆಗಳ ತೆರವಿನ ದಾವೆಗಳು ಆಸ್ತಿ ವರ್ಗಾವಣೆ ಕಾಯ್ದೆಯಡಿ ಲಘು ವ್ಯವಹಾರಗಳ ನ್ಯಾಯಾಲಯದ ಮುಂದೆ ಬರುತ್ತವೆ. ಇಂಥ ವಿವಾದಗಳನ್ನು ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಒಪ್ಪಿಸಬಹುದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿರುವುದರಿಂದ, ಹೆಚ್ಚಿನ ಬಾಡಿಗೆಯ ಮನೆಗಳ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತನ್ನು ಸೇರಿಸುವ ಬಗ್ಗೆ ವಕೀಲರೊಡನೆ ಚರ್ಚಿಸಬಹುದು.

ಬಾಡಿಗೆದಾರರು ಇರುವಾಗಲೇ ಮನೆ ಮಾರಬಹುದಾ?

ಮಾರಬಹುದು, ಆದರೆ ಕರಾರಿನ ಅವಧಿ ಉಳಿದಿದ್ದರೆ ಕೊಂಡವರು ಅದಕ್ಕೆ ಬದ್ಧರು. ಅಡ್ವಾನ್ಸ್ ಯಾರ ಕೈಯಲ್ಲಿದೆ, ಯಾರು ಹಿಂದಿರುಗಿಸುತ್ತಾರೆ ಎಂಬುದನ್ನು ಕ್ರಯಪತ್ರದಲ್ಲಿ ಒಂದು ಸಾಲಿನಲ್ಲಿ ನಮೂದಿಸಿ. ಬಾಡಿಗೆಯನ್ನು ಇನ್ನು ಮುಂದೆ ಯಾವ ಖಾತೆಗೆ ಹಾಕಬೇಕೆಂದು ಹಳೆಯ ಮತ್ತು ಹೊಸ ಓನರ್ ಇಬ್ಬರೂ ಸಹಿ ಮಾಡಿದ ಪತ್ರವನ್ನು ಬಾಡಿಗೆದಾರರಿಗೆ ಕೊಡಿ. ಆ ಪತ್ರ ಕೈಸೇರುವವರೆಗೆ ಬಾಡಿಗೆದಾರರು ಹಳೆಯ ಖಾತೆಗೇ ಹಾಕುತ್ತಿರಲಿ, ಹೊಸಬರೆಂದು ಫೋನಿನಲ್ಲಿ ಹೇಳಿಕೊಂಡವರಿಗೆ ಹಣ ಕಳಿಸುವುದು ಬೇಡ.